ಹೊಸ್ತಿಲು ದಾಟದ ಕರೆಂಟು

ಇವತ್ತು ಬೆಳಿಗ್ಗೆ ಚಟ್ನಿ ಅರ್ಧ ತಿರುಗಿದ್ದಾಗ ಮಿಕ್ಸಿ ನಿಂತುಹೋಯಿತು. ಹಾಲಿನಲ್ಲಿ ಪೇಪರು ಓದುತ್ತಿದ್ದ ನಮ್ಮವರು ತಲೆಯನ್ನೂ ಎತ್ತದೆ, "ಟೆಸ್ಟರು ಡ್ರಾಯರ್‌ನಲ್ಲಿದೆ, ನೋಡ್ಕೋ" ಎಂದರು. ಇದರಲ್ಲೇನು ವಿಶೇಷ ಎನ್ನುತ್ತೀರಿ. ಮದುವೆಯಾದಾಗಿನಿಂದ ಈ ಮನೆಯಲ್ಲಿ ಬಲ್ಬು ಬದಲಿಸುವಾಗ ನನ್ನ ಪಾಲಿನ ಕೆಲಸ ಸ್ಟೂಲು ಹಿಡಿದುಕೊಳ್ಳುವುದು ಮಾತ್ರ. ಸ್ಟೂಲು ಹಿಡಿಯುತ್ತಿದ್ದವಳ ಕೈಗೆ ಟೆಸ್ಟರು ಬಂದದ್ದು ಹೇಗೆಂದು ಹೇಳಿಬಿಡುತ್ತೇನೆ. ಚಟ್ನಿ ಸ್ವಲ್ಪ ಕಾಯಲಿ.

ಕೋಲಾರದ ನಮ್ಮ ಮನೆಯ ಮುಂದೆ ಒಂದು ಬಸ್ಸು ನಿಂತಿರುತ್ತದೆ. ಶಾಲೆಯ ಮಕ್ಕಳನ್ನು ಹೊತ್ತು ಹೊತ್ತು ದಣಿದಿದ್ದ ಹಳೆಯ ಮಿನಿ ಬಸ್ಸು. ಡೇರಿ ಕೆಲಸದಿಂದ ನಿವೃತ್ತರಾದ ಮೇಲೆ ನಮ್ಮವರು ಅದನ್ನು ಕೊಂಡು, ಮಾಲೂರಿನ ಒಂದು ಶೆಡ್ಡಿನಲ್ಲಿ ಸೀಟುಗಳನ್ನೆಲ್ಲ ಕೀಳಿಸಿ, ಮಂಚ, ಒಲೆಕಟ್ಟೆ, ಪುಟ್ಟದೊಂದು ಬಚ್ಚಲು ಮಾಡಿಸಿದರು. ಒಂದು ಕಿಟಕಿಯ ಅಂಚಿನಲ್ಲಿ ಯಾವುದೋ ಮಗು ಅಂಟಿಸಿದ ಚೂಯಿಂಗ್ ಗಮ್ಮು ಕಲ್ಲಾಗಿ ಕೂತಿದೆ. ಅದನ್ನು ಕೀಳಲು ನನಗೆ ಯಾಕೋ ಮನಸ್ಸಾಗಿಲ್ಲ. ಬಸ್ಸಿನ ದೀಪಗಳು ಬ್ಯಾಟರಿಯಲ್ಲಿ ಉರಿಯುತ್ತವೆ. ಪ್ಲಗ್ಗುಗಳಿಗೆ ಮಾತ್ರ, ನಿಂತ ಕಡೆ ಯಾರದಾದರೂ ಮನೆಯಿಂದ ಉದ್ದದ ವೈರು ಎಳೆದುಕೊಳ್ಳಬೇಕು. ಬೀದಿಯವರು ಅದಕ್ಕೆ ಮನೆಬಸ್ಸು ಎಂದು ಹೆಸರಿಟ್ಟರು.

ಮನೆಬಸ್ಸು ಬಂದದ್ದು ನಮ್ಮ ಅತ್ತೆಗಾಗಿ. ಅವರಿಗೆ ಉಬ್ಬಸ. ಬೆಳಿಗ್ಗೆ ಸಂಜೆ ಮುಖಕ್ಕೆ ಮಾಸ್ಕು ಹಾಕಿಕೊಂಡು ಮಷೀನಿನಿಂದ ಔಷಧಿಯ ಹಬೆ ಎಳೆದುಕೊಳ್ಳಬೇಕು. ಮಷೀನು ಯಾರ ಮನೆಗಾದರೂ ಒಯ್ಯಬಹುದಲ್ಲ ಎನ್ನಬೇಡಿ, ನಾವೂ ಹೇಳಿ ಸೋತವರೇ. "ಕಂಡೋರ ಮನೇಲಿ ಮೂತಿಗೆ ಅದನ್ನ ಕಟ್ಕೊಂಡು ಕೂತ್ಕೊಳ್ಳಾ? ನಾಲ್ಕು ಜನ ನೋಡಲ್ವಾ?" ಎನ್ನುತ್ತಿದ್ದರು. ಹಾಗಾಗಿ ವರ್ಷಗಟ್ಟಲೆ ಅವರು ಎಲ್ಲಿಗೂ ಹೋಗಿರಲಿಲ್ಲ. ಶ್ರೀನಿವಾಸಪುರದಲ್ಲಿ ಬೆನ್ನಿಗೆ ಬಿದ್ದ ತಂಗಿ ಇದ್ದಾರೆ, ಅವರಿಗೆ ಮಂಡಿ ನೋವು, ಬಸ್ಸು ಹತ್ತಲಾರರು. ಇಬ್ಬರೂ ಫೋನಿನಲ್ಲಿ ಕನ್ನಡದಲ್ಲಿ ಕ್ಷೇಮ ವಿಚಾರಿಸಿ, ತೆಲುಗಿನಲ್ಲಿ ಜಗಳವಾಡಿ, ಇಟ್ಟ ಮೇಲೆ ಕಣ್ಣೊರೆಸಿಕೊಳ್ಳುತ್ತಿದ್ದರು. ಬಸ್ಸೇ ಮನೆಯಾದರೆ ಅತ್ತೆ ತಮ್ಮ ಕೋಣೆಯಲ್ಲೇ ಕೂತು ಊರೂರು ಸುತ್ತಬಹುದು ಎಂಬುದು ನಮ್ಮವರ ಲೆಕ್ಕಾಚಾರ.

ಅತ್ತೆ ಒಪ್ಪಿದರು, ಒಂದು ಷರತ್ತಿನ ಮೇಲೆ. "ಬಾಗಿಲು ಅಂದ್ಮೇಲೆ ಹೊಸ್ತಿಲು ಬೇಡ್ವೇನೋ?" ಎಂದು ಮಗನನ್ನು ಕೇಳಿದರು. ಬಾಗಿಲಿಗೆ ಅಡ್ಡಲಾಗಿ ಒಂದು ಹಲಗೆ ಬಂತು. ಅದರ ಪಕ್ಕದಲ್ಲೇ ಕೆಳಗೆ, ಹೊರಗೆ ಕೂತು ಇಸ್ತ್ರಿ ಹಾಕಲು ಅನುಕೂಲವೆಂದು ನಮ್ಮವರು ಒಂದು ಪ್ಲಗ್ಗು ಇಡಿಸಿದರು. ಅದು ಅವರ ಸ್ವಂತ ಐಡಿಯಾ ಎಂದು ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು.

ಮೊದಲ ಪ್ರಯಾಣ ಕುರುಡುಮಲೆಯ ಗಣಪತಿಗೆ. ಸೋಮವಾರ ಸಂಜೆ ಮುಳಬಾಗಿಲಿನ ನೆಂಟರ ಮನೆ ಮುಂದೆ ಬಸ್ಸು ನಿಲ್ಲಿಸಿ, ವೈರು ಎಳೆದು, ಹಾಯಾಗಿ ಮಲಗಿದೆವು. ಮಂಗಳವಾರ ಬೆಳಿಗ್ಗೆ ಅತ್ತೆ ಸ್ನಾನ ಮುಗಿಸಿ, ಹೊಸ್ತಿಲಿಗೆ ನೀರು ಹಾಕಿ ಪೂಜೆ ಮಾಡಿ, ಮಾಸ್ಕು ಕಟ್ಟಿಕೊಂಡು ಕೂತರು. ಮಷೀನು ಉಸಿರೆತ್ತಲಿಲ್ಲ. ಒಂದು ಪ್ಲಗ್ಗಿನಲ್ಲೂ ಕರೆಂಟಿಲ್ಲ. ಎಲ್ಲಾದರೂ ತೊಂದರೆಯಾದರೆ ಎಲ್ಲ ಪ್ಲಗ್ಗುಗಳ ಕರೆಂಟು ಕಡಿಯುವ ಟ್ರಿಪ್ ಸ್ವಿಚ್ಚು ಡ್ರೈವರ್ ಸೀಟಿನ ಕೆಳಗಿದೆ, ಅದನ್ನು ಎತ್ತಿದರೆ ಟಕ್ಕೆಂದು ಬೀಳುತ್ತದೆ. ಅತ್ತೆಗೆ ಕೆಮ್ಮು ಶುರುವಾಯಿತು. "ಒಳಗೆ ಬನ್ನಿ, ನಮ್ಮ ಪ್ಲಗ್ಗಿಗೆ ಹಾಕೋಣ" ಎಂದು ನೆಂಟರು ಎಷ್ಟು ಕರೆದರೂ ತಲೆಯಾಡಿಸಿಬಿಟ್ಟರು. ಬಾಯಿಗೆ ಹೊಡೆದುಕೊಳ್ಳುವ ಪಂಪಿನಲ್ಲಿ ಹೇಗೋ ಸುಧಾರಿಸಿಕೊಂಡು, ಗಣಪತಿಯ ಮುಖವನ್ನೂ ನೋಡದೆ ವಾಪಸಾದೆವು.

ಮಧ್ಯಾಹ್ನ ಎಲೆಕ್ಟ್ರಿಷಿಯನ್ ನಯಾಜ್ ಬಂದಾಗ ಎಲ್ಲ ಪ್ಲಗ್ಗುಗಳೂ ಸುಖವಾಗಿದ್ದವು! ಮುಂದೆಯೂ ಇದೇ ಪಾಡು. ಯಾವುದೋ ಒಂದು ಬೆಳಿಗ್ಗೆ ಸಾಯುತ್ತವೆ, ನಯಾಜ್ ಬರುವ ಹೊತ್ತಿಗೆ ಬದುಕಿ ಕೂತಿರುತ್ತವೆ. ಅವನು ಸ್ವಿಚ್ಚು ಬದಲಿಸಿದ, ವೈರು ಬದಲಿಸಿದ. ಕೊನೆಗೆ, "ಸಾರ್, ಅದಕ್ಕೆ ನನ್ ಕಂಡ್ರೆ ಭಯ. ನನ್ ಫೋಟೋ ಒಂದು ಒಳಗೆ ಅಂಟಿಸಿಬಿಡಿ" ಎಂದು ನಕ್ಕ.

ನಮ್ಮವರು ನಗಲಿಲ್ಲ. ತರಕಾರಿ ಸಾಗಿಸಲು ಗಾಡಿ ಹುಡುಕುತ್ತಿದ್ದ ಹೋಳೂರಿನ ಒಬ್ಬರಿಗೆ ಬಸ್ಸನ್ನು ಕೊಟ್ಟುಬಿಡುವ ಮಾತಾಯಿತು. ಅತ್ತೆ ಬೇಡ ಎನ್ನಲಿಲ್ಲ. "ನಾನು ಹೊರಗೆ ಹೋಗೋದು ದೇವ್ರಿಗೇ ಇಷ್ಟ ಇಲ್ಲ ಕಣೇ ಅಮ್ಮಾಯಿ. ನನ್ ತಂಗಿಗೆ ಫೋನ್ ಮಾಡಿ ಬರಲ್ಲ ಅಂತ ಹೇಳ್ಬಿಡು" ಎಂದು ನನಗೆ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದರು. ನಾನು ಫೋನ್ ಮಾಡಲಿಲ್ಲ. ನಾಳೆ ಮಾಡೋಣ ಎಂದುಕೊಂಡೆ.

ಆ ನಾಳೆ ದಾಯಾದಿಗಳ ಕಡೆಯಿಂದ ಸಾವಿನ ಸುದ್ದಿ ಬಂತು. ವಕ್ಕಲೇರಿಯ ಕಡೆಯ ಮುದುಕರು, ನಾನು ಅವರನ್ನು ನೋಡಿದ್ದೂ ನೆನಪಿಲ್ಲ. ಆದರೂ ಸೂತಕ ಸೂತಕವೇ. ದೇವರ ದೀಪವಿಲ್ಲ, ಹೊಸ್ತಿಲು ಪೂಜೆಯಿಲ್ಲ, ಸೂತಕದಲ್ಲಿ ಗಾಡಿ ವ್ಯಾಪಾರವೂ ಬೇಡವೆಂದು ಹೋಳೂರಿನವರಿಗೆ ತಿಳಿಸಿದ್ದಾಯಿತು. ನಾನು ಅಭ್ಯಾಸಬಲದಿಂದ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಸ್ಸಿಗೆ ಹೋಗಿ ಪ್ಲಗ್ಗು ನೋಡಿ ಬರುತ್ತಿದ್ದೆ. ಒಂದು ದಿನವೂ ಕರೆಂಟು ಹೋಗಲಿಲ್ಲ. "ನೋಡಿದ್ಯಾ, ಹೊಸ ವೈರಿನ ಮಹಿಮೆ!" ಎಂದರು ನಮ್ಮವರು.

ಸೂತಕ ಕಳೆದ ಬೆಳಿಗ್ಗೆ ಮನೆ ಪೂರ್ತಿ ತೊಳೆದೆವು. ಅತ್ತೆ ಬಸ್ಸಿನ ಹೊಸ್ತಿಲನ್ನೂ ಬಿಡಲಿಲ್ಲ. ಇಷ್ಟು ದಿನದ ಬಾಕಿಯೆಲ್ಲ ತೀರುವಂತೆ ಕೊಡದಿಂದಲೇ ನೀರು ಸುರಿದು, ಅರಿಶಿನ ಬಳಿದು, ಕುಂಕುಮವಿಟ್ಟರು. ನಾನು ಪೊರಕೆ ಹಿಡಿದು ನಿಂತಿದ್ದೆ. ಹಳದಿ ನೀರು ಹಲಗೆಯ ಅಂಚಿನಿಂದ ಸಣ್ಣ ಗೆರೆಯಾಗಿ ಇಳಿದು, ಇಸ್ತ್ರಿ ಪ್ಲಗ್ಗಿನ ತಲೆಯ ಮೇಲೆ ಒಂದು ಗಳಿಗೆ ನಿಂತು, ಮುಚ್ಚಳದ ಸಂದಿಯಲ್ಲಿ ಮಾಯವಾಯಿತು. ಒಳಗೆ ಟಕ್ಕೆಂದಿತು.

ಅಯ್ಯೋ, ಮಂಗಳವಾರ ಮತ್ತು ಶುಕ್ರವಾರ! ಪ್ಲಗ್ಗು ಕೆಟ್ಟ ದಿನಗಳೆಲ್ಲ ಅತ್ತೆ ಪೂಜೆಗೆಂದು ಹೊಸ್ತಿಲು ತೊಳೆದ ದಿನಗಳೇ. ಮಧ್ಯಾಹ್ನದ ಬಿಸಿಲಿಗೆ ಒಣಗಿ ಸರಿಹೋಗುತ್ತಿತ್ತು.

ಕಾನ್ವೆಂಟಿನಲ್ಲಿ ನಮಗೆ ವಿಜ್ಞಾನ ಕಲಿಸಿದ ಸಿಸ್ಟರು ವಿದ್ಯುತ್ತಿನ ಪ್ರಯೋಗವನ್ನು ತಾವೇ ಮಾಡಿ ತೋರಿಸುತ್ತಿದ್ದರು. ನಾವು ದೂರದಲ್ಲಿ ಕೈಕಟ್ಟಿ ಕೂತು, ಬಲ್ಬು ಹತ್ತಿದಾಗ ಚಪ್ಪಾಳೆ ತಟ್ಟಬೇಕು. ಅಷ್ಟೇ ನನ್ನ ಎಲೆಕ್ಟ್ರಿಸಿಟಿ. ಆದರೂ ಮನೆಯಿಂದ ಬಂದ ವೈರನ್ನು ಮೊದಲು ಕಿತ್ತುಹಾಕಬೇಕೆಂಬಷ್ಟು ಬುದ್ಧಿಯಿತ್ತು. ಕಿತ್ತು, ನಮ್ಮವರ ಸ್ಕ್ರೂಡ್ರೈವರ್ ತಂದು ಮುಚ್ಚಳ ಬಿಚ್ಚಿದೆ. ಒಳಗೆ ಅರಿಶಿನದ ಕೆಸರು, ಅದರಲ್ಲಿ ಅಂಟಿಕೊಂಡ ಎರಡು ಸೇವಂತಿಗೆ ಎಸಳು.

ಈಗ ಹೇಳುವುದು ಹೇಗೆ? ನಿಮ್ಮ ಪೂಜೆಯಿಂದಲೇ ಹೀಗಾಯಿತೆಂದರೆ ಅತ್ತೆ ಪೂಜೆ ಬಿಟ್ಟಾರೋ, ಬಸ್ಸು ಬಿಟ್ಟಾರೋ. ಬಿಚ್ಚಿದ ಪ್ಲಗ್ಗನ್ನೇ ತೋರಿಸಿದೆ. ಅವರು ಬಗ್ಗಿ, ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಅಯ್ಯೋ ದೇವುಡಾ! ಕರೆಂಟಿಗೂ ಅರಿಶಿನ ಕುಂಕುಮ ಕೊಟ್ಟಿದ್ದೀನಲ್ಲೇ! ಮತ್ತೆ, ಮುತ್ತೈದೆ ಥರ ತಗೊಂಡು ಮನೆಗೆ ಹೊರಟ್ಹೋಗಿದೆ!"

ನಕ್ಕು ನಕ್ಕು ಕೆಮ್ಮು ಬಂತು, ಕೆಮ್ಮುತ್ತಲೇ ಮತ್ತೆ ನಕ್ಕರು. "ಸದ್ಯ, ದೇವ್ರಿಗೆ ಸಿಟ್ಟಿಲ್ಲ. ನೀರು ತಪ್ಪು ದಾರಿ ಹಿಡಿದಿತ್ತು, ಅಷ್ಟೇ."

ನಯಾಜ್ ಬಂದು ಪ್ಲಗ್ಗನ್ನು ಎದೆಯೆತ್ತರಕ್ಕೆ ಏರಿಸಿ, ಹಳೆಯ ತೂತಿಗೆ ರಬ್ಬರು ತುಂಬಿ ಮುಚ್ಚಿದ. "ಇಷ್ಟು ದಿನ ನಂಗೆ ಹೊಳೀಲೇ ಇಲ್ವಲ್ಲ ಅಕ್ಕ?" ಎಂದ. "ನಿಂಗೆ ಸೂತಕ ಇರಲಿಲ್ವಲ್ಲಪ್ಪ" ಎಂದೆ. ಅವನಿಗೆ ಅರ್ಥವಾಗಲಿಲ್ಲ.

ಶುಕ್ರವಾರ ಪರೀಕ್ಷೆ. ಒಳಗೆ ಮಷೀನು ಹಾಕಿಟ್ಟು, ನಮ್ಮವರನ್ನು ಟ್ರಿಪ್ ಸ್ವಿಚ್ಚಿನ ಮುಂದೆ ಕೂರಿಸಿದೆ. ಅತ್ತೆ ಅಂಜುತ್ತ ಅರ್ಧ ಚೊಂಬು ನೀರು ಹಾಕಿದರು.

"ಧಾರಾಳವಾಗಿ ಹಾಕಿ ಅತ್ತೆ."

"ಹೋಗ್ಬಿಟ್ರೆ?"

"ಹೋಗಲ್ಲ. ಇನ್ನೊಂದು ಚೊಂಬು."

ಅವರು ಇನ್ನೊಂದಲ್ಲ, ಬಕೆಟ್ಟನ್ನೇ ಎತ್ತಿ ಬಗ್ಗಿಸಿದರು. ನೀರು ಬೀದಿಯವರೆಗೂ ಹರಿಯಿತು. ಮಷೀನು ಗುರ್ರೆನ್ನುತ್ತಲೇ ಇತ್ತು. ನಮ್ಮವರು ಒಳಗಿನಿಂದ, "ಬೀಳಲಿಲ್ಲ! ಬೀಳಲಿಲ್ಲ!" ಎಂದು ಕೂಗಿದ್ದಕ್ಕೆ ಪಕ್ಕದ ಮನೆಯವರು ಯಾರು ಬೀಳಲಿಲ್ಲವೆಂದು ಓಡಿಬಂದರು. ಹೋಳೂರಿನವರಿಗೆ ಆಗಲೇ ಫೋನ್ ಹೋಯಿತು, ಗಾಡಿ ಕೊಡುವುದಿಲ್ಲ ಎಂದು.

ಮುಂದಿನ ವಾರ ಶ್ರೀನಿವಾಸಪುರ. ಮಾವಿನ ಮರದ ಕೆಳಗೆ ಬಸ್ಸು ನಿಂತಿತು. ತಂಗಿ ಕೋಲೂರಿಕೊಂಡು ಬರುವ ಹೊತ್ತಿಗೆ ಅತ್ತೆಯ ಹಬೆಯ ಸಮಯ. ನಾನು ಬಾಗಿಲು ಮುಚ್ಚಲು ಎದ್ದೆ. ಅತ್ತೆ ಕೈಯಲ್ಲೇ ಬೇಡವೆಂದರು. ಮಾಸ್ಕು ಕಟ್ಟಿಕೊಂಡೇ, ತೆರೆದ ಬಾಗಿಲಿನ ಎದುರಿಗೆ, ಬೆನ್ನು ನೆಟ್ಟಗೆ ಮಾಡಿ ಕೂತರು.

"ಏಮಕ್ಕಾ, ಸೊಂಡಿಲು ಬಂದುಬಿಟ್ಟಿದೆ ನಿಂಗೆ!" ಎಂದರು ತಂಗಿ.

ಅತ್ತೆ ಮಾಸ್ಕನ್ನು ಒಂದಿಷ್ಟು ಸರಿಸಿ, "ಅವುನು ಕಣೇ, ನಮಸ್ಕಾರ ಮಾಡ್ಕೋ. ಗರಿಕೆ ತಂದಿದ್ದೀಯಾ?" ಎಂದರು.

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕದ್ದನ್ನು ನೋಡಲು ನಾಲ್ಕಲ್ಲ, ಆ ಬೀದಿಯ ಅಷ್ಟೂ ಜನ ಸೇರಿದ್ದರು.

ಅಂದಹಾಗೆ, ಮಿಕ್ಸಿಯ ಪ್ಲಗ್ಗಿನ ಸ್ಕ್ರೂ ಸಡಿಲವಾಗಿತ್ತು, ಬಿಗಿ ಮಾಡಿದೆ. ಚಟ್ನಿ ದಾರಿಯ ಬುತ್ತಿಗೆಂದು ಡಬ್ಬಿಗೆ ಹೋಗಿದೆ. ಇನ್ನೂ ಬರೆಯಬೇಕೆಂದಿದ್ದೆ, ಆದರೆ ಹೊರಗೆ ಬಸ್ಸಿನ ಹಾರ್ನು ಬಿಡದೆ ಕೂಗುತ್ತಿದೆ. ನಮ್ಮವರು ಇನ್ನೂ ಇಲ್ಲೇ ಚಪ್ಪಲಿ ಹುಡುಕುತ್ತಿದ್ದಾರೆ. ಹಾರ್ನು ಒತ್ತುತ್ತಿರುವವರು ಅತ್ತೆ.