ಖಾದರನ ಅಂಗಿಯ ಅಳತೆ

ಇಷ್ರತಳ ಕೆಲಸ ಏನೆಂದು ಯಾರಾದರೂ ಕೇಳಿದರೆ ನನಗೇ ನಗು ಬರುತ್ತಿತ್ತು. ಕ್ವಾಂಟಂ ಕಂಪ್ಯೂಟರ್ ಎಂಬ ಯಂತ್ರವನ್ನು ಇನ್ನೂ ಯಾರೂ ಸರಿಯಾಗಿ ಕಟ್ಟಿರಲಿಲ್ಲ. ಅದು ಇದ್ದಿದ್ದರೆ ಒಂದು ಲೆಕ್ಕವನ್ನು ಹೇಗೆ ಬಿಡಿಸುತ್ತಿತ್ತು ಎಂದು ಮಾಮೂಲಿ ಕಂಪ್ಯೂಟರಿನಲ್ಲಿ ಮಾಡಿ ನೋಡುವುದೇ ಅವಳ ಸಂಶೋಧನೆ. ಧಾರವಾಡದಲ್ಲಿ ಅದರಲ್ಲೇ ಡಾಕ್ಟರೇಟ್ ಮುಗಿಸಿ, ರೋಣದಲ್ಲಿ ನಾನಿದ್ದ ಕಾಲೇಜಿಗೆ ಭೌತಶಾಸ್ತ್ರ ಕಲಿಸಲು ಬಂದಿದ್ದಳು. ಪಾಠ ಮುಗಿಸಿ ಕಂಪ್ಯೂಟರ್ ಕೋಣೆ ಸೇರಿದಳೆಂದರೆ ಕರೆಂಟು ಹೋಗುವವರೆಗೆ ಹೊರಗೆ ಬರುತ್ತಿರಲಿಲ್ಲ. ಕನ್ನಡ ಕಲಿಸುವ ನನಗೆ ಅದರ ತಲೆಬುಡ ತಿಳಿಯದು. ಇಬ್ಬರದೂ ಗಜೇಂದ್ರಗಡ, ಒಂದೇ ಬಸ್ಸು. ದಾರಿಯಲ್ಲಿ ಸೂಡಿ ಊರು ದಾಟುವವರೆಗೂ ಅವಳನ್ನು ಕಾಡುತ್ತಿದ್ದೆ.

"ಇಲ್ಲದ ಮಷಿನ್ ಸಲುವಾಗಿ ಇಷ್ಟ್ಯಾಕ ಒದ್ದಾಡ್ತಿ?"

"ಇಲ್ಲಂತನ ಒದ್ದಾಡೂದು ಬನಶ್ರೀ. ಇದ್ದಿದ್ರ ಅದನ್ನ ಕೇಳ್ತಿದ್ದೆ."

ಹೀಗೆನ್ನುವವಳು ತಾಯಿ ಹಸನಬಿಯ ಮೇಲೆ ಮಾತ್ರ ಪ್ರತಿ ರಮಜಾನಿಗೂ ಸಿಡಿಮಿಡಿಗೊಳ್ಳುತ್ತಿದ್ದಳು. ಇಷ್ರತಳ ತಮ್ಮ ಖಾದರ ಎರಡನೇ ಇಯತ್ತೆ ಓದುತ್ತಿದ್ದಾಗ ಜ್ವರ ಬಂದು ತೀರಿಹೋದ. ಆಮೇಲೂ ಹಸನಬಿ ಹಬ್ಬಕ್ಕೆ ಅವನ ಹೆಸರಿನಲ್ಲಿ ಅಂಗಿ ಹೊಲಿಸುವುದನ್ನು ಬಿಡಲಿಲ್ಲ. ಅದೂ ತೀರಿಹೋದ ಹುಡುಗನ ಅಳತೆಗಲ್ಲ, ಬದುಕಿದ್ದರೆ ಈಗ ಎಷ್ಟಾಗಿರುತ್ತಿದ್ದನೋ ಆ ಅಳತೆಗೆ. ಅದೇ ಓಣಿಯ ಮುನಾವರ ಖಾದರನ ಓರಗೆಯವನು, ಕೂಡಿ ಶಾಲೆಗೆ ಹೋದವನು. ಟೇಲರ್ ಟಿಪ್ಪುಸಾಬ ಅವನ ಮೈಗೆ ಟೇಪು ಹಿಡಿದು ಇಬ್ಬರಿಗೂ ಹೊಲಿಯುತ್ತಿದ್ದ. ಹಬ್ಬದ ನಮಾಜು ಮುಗಿದ ಮೇಲೆ ಖಾದರನ ಅಂಗಿ ಯಾವನಾದರೂ ಬಡವನ ಮೈ ಸೇರುತ್ತಿತ್ತು.

ಒಂದು ವರ್ಷ ಅಂಗಿ ನಡುವಿನಲ್ಲಿ ಅಗಲವಾಗಿ ಬಂತು. ಹಸನಬಿ ಅದನ್ನು ತೊಡೆಯ ಮೇಲೆ ಹರವಿ ಗೇಣು ಹಾಕಿ ನೋಡಿದಳು.

"ಹೊಟ್ಟಿ ಬಂದೈತಿ ನೋಡ ನನ್ನ ಮಗನಿಗೆ. ಊಟಾ ಹೆಚ್ಚಾತು," ಎಂದು ನಕ್ಕಳು. ನನಗೂ ನಗು ತಡೆಯಲಿಲ್ಲ.

ಇಷ್ರತ ಮಾತ್ರ ನಗಲಿಲ್ಲ. "ಅದು ಮುನಾವರನ ಹೊಟ್ಟಿ ಅಮ್ಮಾ. ಖಾದರ ಇಲ್ಲ."

"ಗೊತ್ತೈತಿ ಬೇಟಾ. ಇದ್ದಿದ್ರ ಅಂತ ಅಂದೆ."

ಮರುದಿನ ಬಸ್ಸಿನಲ್ಲಿ ನಾನು ಸುಮ್ಮನಿರಲಾರದೆ, ತಾಯಿ ಮಗಳದು ಒಂದೇ ಉದ್ಯೋಗ ಎಂದುಬಿಟ್ಟೆ. ರೋಣ ಬರುವವರೆಗೆ ಅವಳು ಕಿಟಕಿ ಕಡೆ ಮುಖ ಮಾಡಿ ಕುಳಿತಳು.

ಎರಡು ಸಾವಿರದ ಏಳರ ರಮಜಾನು ಬರುವಷ್ಟರಲ್ಲಿ ಮುನಾವರನ ಮದುವೆಯಾಗಿತ್ತು. ಅವನ ಹೆಂಡತಿ ಫರ್ಜಾನಾ ಬಸುರಿ. ಒಂದು ರವಿವಾರ ಮಧ್ಯಾಹ್ನ ನಾನು ಅಲ್ಲಿರುವಾಗ ಅವಳೇ ಹಸನಬಿಯ ಮನೆಗೆ ಬಂದು ತಲೆ ತಗ್ಗಿಸಿ ಕುಳಿತಳು.

"ಸಿಟ್ಟಾಗಬ್ಯಾಡ್ರಿ ಖಾಲಾ. ತೀರಿಕೊಂಡವರ ಅಂಗಿಗೆ ಇವರ ಅಳತಿ ಕೊಡೂದು ಬ್ಯಾಡ್ರಿ. ಹೊಟ್ಟ್ಯಾಗ ಕೂಸೈತಿ, ನನಗ ಅಂಜಿಕಿ ಬರತೈತಿ."

ನನಗೆ ಸಿಟ್ಟು ನೆತ್ತಿಗೇರಿತು. ಹಸನಬಿ ಮಾತ್ರ ಅವಳ ಕೈ ಹಿಡಿದು, "ಖರೇ ಐತಿ ತಂಗಿ, ಬ್ಯಾಡ," ಎಂದಳು. ಅಷ್ಟು ಹೊತ್ತಿಗೆ ಆ ವರ್ಷದ ಅಂಗಿಗೆ ಅರಿವೆ ತಂದಾಗಿತ್ತು, ತಿಳಿ ನೀಲಿ ಬಣ್ಣದ್ದು.

ಅದೇ ವಾರ ಇಷ್ರತಳ ಲೆಕ್ಕವೂ ನಿಂತಿತು. ರೋಜಾ ಉಪವಾಸ ಬಿಡುವ ಹೊತ್ತಿಗೆ ಖರ್ಜೂರದ ತಟ್ಟೆ ಹಿಡಿದ ತಾಯಿ, ಮುಖ ಯಾಕೆ ಸಣ್ಣದಾಗಿದೆ ಎಂದು ಕೇಳಿದಳು.

"ಕ್ಯೂಬಿಟ್ ಅಂದ್ರ ಆ ಇಲ್ಲದ ಮಷಿನ್‌ದ ಲೆಕ್ಕದ ಕಾಳು. ಒಂದೊಂದು ಕೂಡಿಸಿದಂಗ ನೆನಪಿಡೂದು ಎರಡು ಪಟ್ಟು ಆಕ್ಕೈತಿ ಅಮ್ಮಾ. ಇಪ್ಪತ್ನಾಕರ ತನಕಾ ನಡೀತು. ಇನ್ನೊಂದು ಕೂಡಿಸಿದ್ರ ಕಾಲೇಜಿನ ಕಂಪ್ಯೂಟರ್‌ದಾಗ ಜಾಗಾ ಇಲ್ಲ."

ಹಸನಬಿ ತಟ್ಟೆಯನ್ನು ಕೆಳಗಿಟ್ಟಳು.

"ನಂದೂ ಹಂಗ ಆಗೇತಿ. ಸಣ್ಣಾಂವ ಇದ್ದಾಗ ಸಾಲಿಗೆ ಹೋಗ್ತಿದ್ದ, ಬರ್ತಿದ್ದ, ಅಷ್ಟ. ಈಗ ಯಾವ ಕೆಲಸಾ ಮಾಡ್ತಿದ್ದ, ಯಾವ ಊರಾಗ ಇರ್ತಿದ್ದ, ಹೆಂಡ್ತಿ ಎಂಥಾಕಿ... ಒಂದ ಹಿಡದ್ರ ಹತ್ತ ಬರ್ತಾವ. ಅವನ ಮಾರೀನ ಕಣ್ಣಮುಂದ ಕಾಣವಲ್ಲದು ಬೇಟಾ."

ಮರುದಿನ ಇಷ್ರತ ಆ ನೀಲಿ ಅರಿವೆಯನ್ನು ಕಾಲೇಜಿನ ಚೀಲದಲ್ಲೇ ಇಟ್ಟುಕೊಂಡು ಬಂದಿದ್ದಳು. ಸಂಜೆ ಬಸ್ಸಿಳಿದು ನೆಟ್ಟಗೆ ಟಿಪ್ಪುಸಾಬನ ಅಂಗಡಿಗೆ ನಡೆದಳು. ನಾನೂ ಹೋದೆ.

"ಅಳತಿ ಯಾರದವ್ವಾ?" ಎಂದು ಆತ ಕೊರಳಿನ ಟೇಪು ತೆಗೆದ.

"ಅಂವ ಇದ್ದಿದ್ರ..." ಎಂದು ಶುರುಮಾಡಿದಳು. ಇಲ್ಲದ ಯಂತ್ರದ ಬಗ್ಗೆ ಗಂಟೆಗಟ್ಟಲೆ ಹೇಳಬಲ್ಲವಳು ತಮ್ಮನ ಭುಜ ಎಷ್ಟಗಲ ಎಂದು ಹೇಳಲಾರದೆ ನಿಂತಳು. ಕೊನೆಗೆ ಅವಳೇ, "ಹೋದ ವರ್ಷದ್ದ ಇರ್ಲಿ ಚಾಚಾ," ಎಂದಳು.

ಅಂಗಿ ಬಂದ ದಿನ ಹಸನಬಿ ಅದರ ಮೇಲೆ ಗೇಣು ಹಾಕಿದಳು. ಮತ್ತೊಮ್ಮೆ ಹಾಕಿದಳು. "ಹೋದ ವರ್ಷದಷ್ಟ ಐತಿ," ಎಂದಳು. ಯಾರನ್ನೂ ಬೈಯಲಿಲ್ಲ.

ಹಬ್ಬದ ದಿನ ನಮಾಜಿನಿಂದ ಗಂಡಸರು ಮರಳಿದರು. ಅಂಗಿ ಕೊಡಲು ಹೊರಟ ಇಷ್ರತಳ ಕೈಯಿಂದ ಹಸನಬಿ ಅದನ್ನು ಮೆಲ್ಲಗೆ ಬಿಡಿಸಿಕೊಂಡು, ಮಡಚಿ ಟ್ರಂಕಿನ ತಳದಲ್ಲಿಟ್ಟಳು. ಇಷ್ರತ ಹೊಸ್ತಿಲಲ್ಲೇ ಕುಸಿದು ಕುಳಿತು, ಸೆರಗು ಬಾಯಿಗೊತ್ತಿ ಅತ್ತಳು. ತಮ್ಮ ಹೋದಾಗಲೂ ಅವಳು ಹಾಗೆ ಅತ್ತಿರಲಿಲ್ಲವಂತೆ.

"ಇದನ್ನ ಕೊಡೂದು ಬ್ಯಾಡ ಬೇಟಾ," ಎಂದಳು ಹಸನಬಿ. "ಇನ್ನ ಅವಗ ಇದು ಸಣ್ಣಾಗೂದಿಲ್ಲ."