ಕಿರಿಯವರಿಗೆ ಬಂದ ಪಟ್ಟ

ನನ್ನ ಗಂಡ ಅರಸು ಮನೆತನದವರು ಎಂಬುದು ಮದುವೆಯ ಮಾತುಕತೆಯ ಹೊತ್ತಿಗೇ ನಮಗೆ ಗೊತ್ತಿತ್ತು. ಆದರೆ ಅದನ್ನು ಯಾರೂ ದೊಡ್ಡದು ಮಾಡಲಿಲ್ಲ. ಉಡುಪಿ ಕಡೆಯ ಅವರ ಬೀಡಿಗೆ, ಅಂದರೆ ಆ ಅರಸು ಮನೆಗೆ, ಒಂದು ಕಾಲದಲ್ಲಿ ಸುತ್ತಲಿನ ಊರುಗಳ ಆಡಳಿತವೆಲ್ಲ ಸೇರಿತ್ತಂತೆ. ಈಗ ಉಳಿದಿದ್ದು ಪಟ್ಟದ ಕತ್ತಿ, ಒಂದು ಮಂಚ, ದೈವದ ಕೋಲ ಕಟ್ಟುವ ನೇಮದ ದಿನ ಆ ಕತ್ತಿ ಹಿಡಿದು ಮಂಚದ ಮೇಲೆ ಕೂರುವ ಒಬ್ಬ ಅರಸು, ಅಷ್ಟೇ. ಮೂವರು ಅಣ್ಣತಮ್ಮಂದಿರಲ್ಲಿ ಹಿರಿಯವರು ಪಟ್ಟದಲ್ಲಿದ್ದರು. ಅವರ ನಂತರ ಎರಡನೆಯವರು ಎಂಬುದು ಎಂದೋ ತೀರ್ಮಾನವಾಗಿತ್ತು. ನನ್ನವರು ಎಲ್ಲರಿಗಿಂತ ಕಿರಿಯರು. "ನೇಮದ ದಿನ ಬಂದವರ ಚಪ್ಪಲಿ ಕಾಯ್ಲಿಕ್ಕೆ ನನ್ನನ್ನು ನಿಲ್ಲಿಸ್ತಿದ್ರು," ಎಂದು ಹೇಳಿಕೊಂಡು ನಗುತ್ತಿದ್ದರು.

ದುಬೈಯಲ್ಲಿ ನಾವಿದ್ದದ್ದು ಸತ್ವಾದ ಹಳೆಯ ವಿಲ್ಲಾವೊಂದರ ಎರಡು ಕೋಣೆಗಳಲ್ಲಿ. ಅಡುಗೆಮನೆ ಇನ್ನೆರಡು ಸಂಸಾರಗಳಿಗೂ ಸೇರಿದ್ದು. ಇವರು ಭಟ್ಕಳದ ಸಾಹುಕಾರರೊಬ್ಬರ ಅಂಗಡಿಯಲ್ಲಿ ಕಾರಿನ ಬಿಡಿಭಾಗಗಳನ್ನು ಮಾರುತ್ತಿದ್ದರು. ನಾನು ಕ್ಲಿನಿಕ್ಕೊಂದರ ಲ್ಯಾಬಿನಲ್ಲಿದ್ದೆ. ಆಗೀಗ ರಜೆಯ ದಿನ ಮಗಳನ್ನು ಕರೆದುಕೊಂಡು ಅಬುಧಾಬಿಯ ಬಸ್ಸು ಹತ್ತುತ್ತಿದ್ದೆವು. ಅಲ್ಲಿ ಅಲ್ ರೀಮ್ ಐಲ್ಯಾಂಡಿನ ಎತ್ತರದ ಕಟ್ಟಡವೊಂದರಲ್ಲಿ ಎರಡನೆಯ ಭಾವ ಇದ್ದರು. ಎಂಜಿನಿಯರ್. ಆದರೆ ಅವರ ಬಾಯಲ್ಲಿ ಬೀಡಿನ ವಿಷಯ ಬಿಟ್ಟು ಬೇರೆ ಬರುತ್ತಿರಲಿಲ್ಲ. ಯಾವ ದೈವಕ್ಕೆ ಯಾವ ನುಡಿ, ಕತ್ತಿಯನ್ನು ಯಾವ ಕೈಯಿಂದ ಯಾವ ಕೈಗೆ ಬದಲಿಸಬೇಕು, ಎಲ್ಲವನ್ನೂ ಸೋದರಮಾವನ ಕಾಲಬುಡದಲ್ಲಿ ಕೂತು ಕಲಿತವರು. ನಿವೃತ್ತಿಯ ಮೇಲೆ ಊರಿಗೆ ಹೋಗಿ ನೆಲೆಸುವುದೇ ಅವರ ಆಸೆ.

ಆ ವರ್ಷ ಹಿರಿಯ ಭಾವ ಊಟ ಮಾಡಿ ಎದ್ದವರು ಜಗಲಿಯಲ್ಲಿ ಕುಸಿದು ತೀರಿಕೊಂಡರು. ಎರಡನೆಯ ಭಾವ ಊರಿಗೆ ಹೋಗಿ ಕ್ರಿಯೆಗಳನ್ನೆಲ್ಲ ಮುಗಿಸಿದರು. ಪಟ್ಟಕ್ಕೆ ದಿನವೂ ನಿಗದಿಯಾಯಿತು. ಕೆಲಸಕ್ಕೆ ರಾಜೀನಾಮೆ ಕೊಟ್ಟು ಬರುತ್ತೇನೆ ಎಂದು ಅಬುಧಾಬಿಗೆ ಮರಳಿದವರು ಒಂದು ಬೆಳಿಗ್ಗೆ ಸ್ನಾನದ ಮನೆಯಲ್ಲಿ ಬಿದ್ದರು. ಪಾರ್ಶ್ವವಾಯು. ಜೀವ ಉಳಿಯಿತು. ಬಲಗೈ, ಬಲಗಾಲು, ಅರ್ಧ ಬಾಯಿ ಹೋಯಿತು.

ಅಂಗ ಸರಿಯಿಲ್ಲದವರು ಪಟ್ಟದ ಕತ್ತಿ ಹಿಡಿಯುವ ಹಾಗಿಲ್ಲ ಎಂದು ಊರಿನ ಹಿರಿಯರು ಹೇಳಿ ಕಳುಹಿಸಿದರು. ಆ ಮಾತು ನನ್ನವರಿಗೆ ಅಂಗಡಿಯಲ್ಲಿದ್ದಾಗ ಫೋನಿನಲ್ಲಿ ಬಂತು.

"ನನಗೆ ಬಂತು ಮಾರಾಯ್ತಿ," ಎಂದರು ಮನೆಗೆ ಬಂದವರೇ.

"ಎಂತ ಬಂತು?"

"ಪಟ್ಟ."

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಶೂ ಕೂಡ ಬಿಚ್ಚದೆ ಮಂಚದ ತುದಿಯಲ್ಲಿ ಕೂತಿದ್ದರು.

"ಆಗೂದಿಲ್ಲ ಅಂತ ಹೇಳಿ."

"ಯಾರಿಗೆ ಹೇಳುವುದು? ನನ್ನ ನಂತರ ಜನ ಇಲ್ಲ. ನಾನು ಕೂರದಿದ್ರೆ ನೇಮ ನಿಲ್ತದೆ."

ಜನ ಇಲ್ಲ ಎಂಬುದು ನಿಜ. ಅದು ಅಳಿಯಕಟ್ಟಿನ ಮನೆ. ಪಟ್ಟ ಹೋಗುವುದು ಅಣ್ಣನಿಂದ ತಮ್ಮನಿಗೆ, ಆಮೇಲೆ ಅಕ್ಕತಂಗಿಯರ ಮಕ್ಕಳಿಗೆ. ಇವರಿಗಿರುವ ಒಬ್ಬಳೇ ಅಕ್ಕನಿಗೆ ಮಕ್ಕಳಿಲ್ಲ. ಹೆಂಡತಿ, ಹೆಂಡತಿಯ ಮಕ್ಕಳು ಆ ಮನೆಯ ಲೆಕ್ಕಕ್ಕೆ ಸೇರುವವರೇ ಅಲ್ಲ. ಪರದೆಯಾಚೆ ಪಾಠ ಓದುತ್ತಿದ್ದ ಮಗಳು ಎದ್ದು ಬಂದು, "ಸೋ ಆಮ್ ಐ ಎ ಪ್ರಿನ್ಸೆಸ್ ನೌ?" ಎಂದು ಕೇಳಿದಳು.

"ಇಲ್ಲ ಮಗಾ. ನಾವು ಆ ಮನೆಯವರಲ್ಲ," ಎಂದೆ.

"ದೆನ್ ವೈ ಈಸ್ ಹೀ ಗೋಯಿಂಗ್?"

ಅವಳ ಅಪ್ಪ ಬಗ್ಗಿ ಶೂ ಬಿಚ್ಚತೊಡಗಿದರು.

ಮುಂದಿನ ರಜೆಗೆ ಅಲ್ ರೀಮಿಗೆ ಹೋದೆವು. ಭಾವ ಸೋಫಾದಲ್ಲಿ ದಿಂಬುಗಳ ನಡುವೆ ಇದ್ದರು. ತಮ್ಮನನ್ನು ಕಂಡದ್ದೇ ಎಡಗೈಯಲ್ಲಿ ತನ್ನ ಊರುಗೋಲನ್ನು ಎತ್ತಿ ಚಾಚಿದರು. "ಹಿಡಿ. ಕತ್ತಿ ಅಂತ ತಿಳ್ಕೊ." ಮಾತು ತೊದಲುತ್ತಿತ್ತು. ಭಾವನ ಹೆಂಡತಿ, ನನ್ನವರ ಅತ್ತಿಗೆ, ಅವರನ್ನು ನಿಲ್ಲಿಸಿ ಗೋಡೆಗೆ ಒರಗಿಸಿದರು. ಇವರು ಊರುಗೋಲು ಹಿಡಿದು ಬಾಲ್ಕನಿಯ ಗಾಜಿನಿಂದ ಅಡುಗೆಮನೆಯ ಬಾಗಿಲಿನವರೆಗೆ ನಡೆದರು. "ಎಡಗಾಲು ಮೊದಲು. ಅಲ್ಲ. ತಲೆ ತಗ್ಗಿಸ್ಬೇಡ, ನೀನು ಅರಸು." ಮತ್ತೆ ನಡೆದರು. ಮತ್ತೆ ತಪ್ಪಿತು. ಬೆವರು ಒರೆಸಿಕೊಂಡು ಇವರು ನನ್ನತ್ತ ನೋಡಿದಾಗ ನಾನು ಮುಖ ತಿರುಗಿಸಿಕೊಂಡೆ.

ಚಾ ಕುಡಿಯುವಾಗ ಭಾವ ಹೇಳಿದರು, "ಪಟ್ಟದಲ್ಲಿ ಕೂತ ಮೇಲೆ ಬೀಡಿನ ಹೊಳೆ ದಾಟಿ ರಾತ್ರಿ ಉಳೀಲಿಕ್ಕಿಲ್ಲ. ಗೊತ್ತುಂಟಲ್ಲ?"

ಇವರಿಗೆ ಗೊತ್ತಿರಲಿಲ್ಲ. ಚಪ್ಪಲಿ ಕಾಯುವ ಹುಡುಗನಿಗೆ ಅದನ್ನೆಲ್ಲ ಯಾರು ಹೇಳಿದ್ದರು?

"ಎಷ್ಟು ಸಮಯ?"

"ಇರುವಷ್ಟು ಸಮಯ."

"ನೀವು ಎಲ್ಲ ಬಿಟ್ಟು ಹೋಗ್ಲಿಕ್ಕೆ ತಯಾರಿದ್ರಿ ಭಾವ," ಎಂದೆ ನಾನು. "ಇವರು ಯಾವತ್ತೂ ಕೇಳಿದ್ದಲ್ಲ."

ಭಾವ, "ನನಗೆ ಬೇಕಿತ್ತು," ಎಂದರು. ಮುಚ್ಚದ ಅರ್ಧ ಬಾಯಿಯಿಂದ ಚಾ ಇಳಿಯುತ್ತಿತ್ತು. ಅತ್ತಿಗೆ ಒರೆಸಿದರು. ಭಾವ ಅಳುತ್ತಿದ್ದಾರೆ ಎಂದು ಆಮೇಲೆ ತಿಳಿಯಿತು.

ಹಿಂದಿರುಗುವ ಬಸ್ಸಿನಲ್ಲಿ ಇವರು, "ನಾನು ಇಲ್ಲ ಅಂದ್ರೆ ಅಣ್ಣನ ಮುಖ ಹೇಗೆ ನೋಡುವುದು?" ಎಂದರು.

"ನಮ್ಮ ಮುಖ?"

ಇವರು ಕಿಟಕಿಯ ಕಡೆ ತಿರುಗಿ ಕೂತರು. ನಾವೂ ಊರಿಗೆ ಹೋಗಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಬೀಡಿನಲ್ಲಿ ಯಜಮಾನಿಕೆ ಅಕ್ಕನದು. ಅರಸರ ಹೆಂಡತಿ ಬಂದು ಹೋಗುವವಳು. ಮಗಳ ಓದು ನಡೆಯುವುದು ನನ್ನ ಕೆಲಸದಿಂದ, ಆ ಕೆಲಸ ಇರುವುದು ಇಲ್ಲಿ.

ಭಟ್ಕಳದ ಸಾಹುಕಾರರು ಸುದ್ದಿ ಕೇಳಿ ಗಾಬರಿಯಾದರು. "ಇಷ್ಟು ವರ್ಷ ನಿಮ್ಮ ಕೈಯಲ್ಲಿ ಬ್ರೇಕ್ ಪ್ಯಾಡ್ ತೆಗೆಸಿದ್ದೀನಲ್ರೀ. ಒಂದು ಮಾತು ಹೇಳಬಾರದಿತ್ತಾ?" ಎಂದರು. ಕೆಲಸ ಬಿಡುತ್ತೇನೆ ಎಂದಾಗ ಕೈ ಅಡ್ಡ ಹಿಡಿದು, "ಖಲಾಸ್ ಅನ್ನಬೇಡಿ. ವೀಸಾ ಇರಲಿ. ಹೋಗಿ ಬನ್ನಿ," ಎಂದರು. ಊರಿಗೆ ಹೋಗಿ ಅಲ್ಲೇ ಉಳಿದ ಇವರ ವೀಸಾ ಕೆಲವು ತಿಂಗಳಿಗೆ ತಾನಾಗಿ ರದ್ದಾಯಿತು. ಅಂಗಡಿಯ ಕೌಂಟರಿಗೆ ಬೇರೆಯವರು ಬಂದರು.

ಪಟ್ಟದ ದಿನ ನಾವು ಹೋಗಲಿಲ್ಲ. ಮಗಳಿಗೆ ಪರೀಕ್ಷೆಯಿತ್ತು. ಅಲ್ ರೀಮಿನ ಆ ಮನೆಯಲ್ಲಿಯೇ ಕೂತು ಟೀವಿಗೆ ಜೋಡಿಸಿದ ಫೋನಿನಲ್ಲಿ ನೋಡಿದೆವು. ಮುಂಡಾಸು ಹಣೆಯ ಮೇಲೆ ಜಾರುತ್ತಿತ್ತು. ಕತ್ತಿ ತೆಗೆದುಕೊಂಡು ನಡೆಯುವಾಗ ಇವರು ಎಡಗಾಲನ್ನೇ ಮೊದಲಿಟ್ಟರು. ಒಂದೂ ತಪ್ಪಲಿಲ್ಲ. "ಹಿ ಲುಕ್ಸ್ ಸೋ ಸ್ಮಾಲ್," ಎಂದಳು ಮಗಳು. ಮುಗಿಯುವ ಮೊದಲೇ ಭಾವ ಗಾಲಿಕುರ್ಚಿಯನ್ನು ಒಳಗೆ ತಳ್ಳಿಸಿಕೊಂಡರು. ಸ್ವಲ್ಪ ಕಾಲಕ್ಕೆ ಅವರ ಕೆಲಸವೂ ಹೋಯಿತು. ಅವರಿಬ್ಬರು ಮಂಗಳೂರಿನಲ್ಲಿ ಒಂದು ಫ್ಲ್ಯಾಟ್ ಹಿಡಿದರು. ಬೀಡಿಗೆ ಒಮ್ಮೆಯೂ ಹೋಗಿಲ್ಲ ಎಂದು ಅತ್ತಿಗೆ ಹೇಳುತ್ತಾರೆ.

ಬೇಸಿಗೆ ರಜೆಯಲ್ಲಿ ಮಗಳೂ ನಾನೂ ಬೀಡಿಗೆ ಹೋದೆವು. ಜಗಲಿಯಲ್ಲಿ ಜನ ಇದ್ದರು. ಅವರೆದುರು ಇವರು ಪಟ್ಟದ ಮಂಚದಿಂದ ಏಳುವ ಹಾಗಿರಲಿಲ್ಲ. ನನ್ನನ್ನು ಕಂಡು, ಬಂದ ಯಾರಿಗೋ ಹೇಳುವಂತೆ, "ಬನ್ನಿ, ಕೂತ್ಕೊಳ್ಳಿ," ಎಂದರು. ಮದುವೆಯಾದಂದಿನಿಂದ ಅವರು ನನಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ಅಕ್ಕ ನಮಗೆ ಎಳನೀರು ತಂದುಕೊಟ್ಟರು. ಹೊರಡುವಾಗ ಇವರು ಹೊಳೆಯವರೆಗೆ ಬಂದರು. ಹೊಳೆ ದಾಟುವ ಸಂಕದ ಈಚೆ, ಬೀಡಿನ ಬದಿಯಲ್ಲೇ ನಿಂತರು.

"ನನ್ನದು ತಪ್ಪಾಯ್ತಾ?" ಎಂದು ಕೇಳಿದರು.

"ಇನ್ನು ಕೇಳಿ ಎಂತ ಪ್ರಯೋಜನ?" ಎಂದೆ. ಟ್ಯಾಕ್ಸಿಯವನು ಹಾರ್ನ್ ಹೊಡೆಯುತ್ತಿದ್ದ.

ಪಟ್ಟದಿಂದ ಇಳಿಯುವ ಪದ್ಧತಿ ಆ ಮನೆಯಲ್ಲಿಲ್ಲ. ಸತ್ತಾಗ ಮಾತ್ರ ಅದು ಮುಗಿಯುತ್ತದೆ. ಅದಕ್ಕೇ ಅವರು ತಿರುಗಿ ಬರಲಿ ಎಂದು ದೇವರ ಹತ್ತಿರ ಬೇಡಿಕೊಳ್ಳುವುದನ್ನು ನಾನು ಬಿಟ್ಟಿದ್ದೇನೆ. ಸತ್ವಾದಲ್ಲಿ ಈಗ ಒಂದೇ ಕೋಣೆ ಇಟ್ಟುಕೊಂಡಿದ್ದೇವೆ.

ಮೊನ್ನೆ ಸಂಜೆ ವೀಡಿಯೊ ಕರೆಯಲ್ಲಿ ಅವರು ಮಗಳನ್ನು, "ಕಾಲೇಜಿಗೆ ಮಣಿಪಾಲಕ್ಕೆ ಬರ್ತಿಯಾ? ಇಲ್ಲಿಂದ ಹತ್ತಿರ," ಎಂದು ಕೇಳಿದರು.

"ನೋ, ಡ್ಯಾಡ್."

"ಆಯ್ತು ಆಯ್ತು," ಎಂದರು. ಅಷ್ಟರಲ್ಲಿ ಯಾರೋ ಹಿಂದಿನಿಂದ "ಅರಸರೇ" ಎಂದು ಕರೆದರು. ಅವರು ಫೋನನ್ನು ಹಾಗೆಯೇ ಮಲಗಿಸಿ ಎದ್ದುಹೋದರು. ಪರದೆಯ ತುಂಬ ಆ ಮನೆಯ ಮಾಡಿನ ಹಂಚುಗಳು, ಒಂದು ಜೇಡರಬಲೆ. ದೂರದಲ್ಲಿ ಅವರ ಧ್ವನಿ ಯಾರಿಗೋ ಏನೋ ಹೇಳುತ್ತಿತ್ತು. ನಾವಿಬ್ಬರೂ ಸ್ವಲ್ಪ ಹೊತ್ತು ನೋಡಿದೆವು. ಆಮೇಲೆ ಮಗಳು ಕರೆ ಕತ್ತರಿಸಿದಳು.