ಮದುವೆ ಮನೆಗೆ ತಂದ ಮುತ್ತುಗದೆಲೆ

ಎಲ್ಲಿ, ಇದನ್ನು ನಂಬದೆ ಇರಿ ನೋಡೋಣ. ದೆವ್ವ, ದೇವರು ಮೈಮೇಲೆ ಬರುವುದು ಎಂದವರನ್ನೆಲ್ಲ ಗೇಲಿ ಮಾಡಿಕೊಂಡೇ ಮುದುಕನಾದವನು ನಾನು. ಹೆಣ್ಣು ದನಿ ತೆಗೆದು ಗಂಡಸರನ್ನು ಬೆಚ್ಚಿಬೀಳಿಸುವುದರಲ್ಲಿ ಕೊಳ್ಳೇಗಾಲದಿಂದ ಯಳಂದೂರಿನ ತನಕ ನನ್ನ ಸಮ ಯಾರೂ ಇರಲಿಲ್ಲ.

ಅರವತ್ತರ ದಶಕ. ಧನಗೆರೆಯ ನಮ್ಮ ಮನೆಯಲ್ಲಿ ತಂಗಿಯ ಮದುವೆ. ಊಟದೆಲೆ ಹಚ್ಚಲು ಮುತ್ತುಗದೆಲೆ ಬೇಕೆಂದು ನಾನೂ ನನ್ನ ಓರಗೆಯವನೇ ಆದ ಅಕ್ಕನ ಗಂಡನೂ ಗಾಡಿ ಕಟ್ಟಿಕೊಂಡು ಹನೂರಿನಾಚೆ ಕಾಡಂಚಿಗೆ ಹೋದೆವು. ಗಂಡಿನವರು ಅಗರದವರು. ಎಲೆ ಸಾಲದೆ ಒಬ್ಬನೇ ಒಬ್ಬ ಉಣ್ಣದೆ ಎದ್ದುಹೋದರೂ ತಂಗಿ ಬದುಕಿರುವ ತನಕ ಆ ಮಾತು ಕೇಳಬೇಕಾಗುತ್ತಿತ್ತು.

ನಮ್ಮ ಕಡೆ ಮುತ್ತುಗಕ್ಕೆ ಕೈ ಹಾಕುವ ಮುಂಚೆ ಮರವನ್ನು ಕೇಳಬೇಕು. "ಮದ್ವೆ ಮನ್ಗೆ ಎಲೆ ಕೊಡವ್ವಾ" ಎಂದು ಭಾವ ಕೈಮುಗಿದ. ಮರದ ಹಿಂದಿನಿಂದ ನಾನು ಹೆಣ್ಣು ದನಿಯಲ್ಲಿ, "ತಕ್ಕೊಳಪ್ಪಾ" ಎಂದೆ. ಭಾವ ಉದ್ದಕ್ಕೆ ಅಡ್ಡಬಿದ್ದ. ನಾನು ನಕ್ಕದ್ದು ಕೇಳಿ ಎಕ್ಕಡ ಎಸೆದ.

"ಆಟ ಆಡಕೆ ನಿಂಗೆ ಮರನೇ ಬೇಕೇನ್ಲಾ?"

ಕಿತ್ತು ಕಿತ್ತು ಸಂಜೆಯ ಹೊತ್ತಿಗೆ ಬೆರಳು ಮಡಚಲು ಬರುತ್ತಿರಲಿಲ್ಲ. ಸೊಂಟ ಬಿದ್ದುಹೋಗಿತ್ತು. ಗಾಡಿ ತುಂಬಿದ್ದು ಇನ್ನೂ ಮುಕ್ಕಾಲು. ಕೊನೆಯ ಮರದ ಬುಡದಲ್ಲಿ ಭಾವನ ಪಕ್ಕದಲ್ಲೇ ಕುಸಿದು ಕೂತು, ಚೊಂಬೆತ್ತಿ ಬಾಯಿ ತುಂಬ ನೀರು ತುಂಬಿಕೊಂಡಿದ್ದೆ. ಭಾವ ಆಕಳಿಸುತ್ತಲೇ ಕೇಳಿದ: "ಕೊಡವ್ವಾ, ಇದೊಂದ್ ಮರ."

"ಸಾಕು, ಓಗ್ರಪ್ಪಾ" ಎಂದಿತು ಹೆಣ್ಣು ದನಿ.

ನಾನು ತೆಗೆಯುತ್ತಿದ್ದ ದನಿಯೇ. ಸುತ್ತ ಯಾರೂ ಇಲ್ಲ. ಎತ್ತುಗಳು ಏನೂ ಆಗದ ಹಾಗೆ ಮೆಲುಕು ಹಾಕುತ್ತಿದ್ದವು.

"ಮೈಗಳ್ಳ! ಸುಸ್ತಾದ್ರೆ ಸುಸ್ತು ಅಂತ ಏಳ್ಲಾ" ಎಂದು ಭಾವ ನನ್ನನ್ನೇ ಬೈದ. ಆದರೆ ಅವನ ಕೈಯೂ ಮೇಲೇಳಲಿಲ್ಲ. ಎಲೆ ಸಾಲದು ಎಂದು ಗೊತ್ತಿದ್ದೇ ಗಾಡಿ ತಿರುಗಿಸಿದೆವು.

ಮದುವೆಯ ದಿನ ಅಗರದ ಗಾಡಿಗಳಲ್ಲಿ ಒಂದರ ಅಚ್ಚು ಮುರಿದು, ಅದರಲ್ಲಿದ್ದವರು ಅರ್ಧ ದಾರಿಯಿಂದಲೇ ಊರಿಗೆ ಹಿಂದಿರುಗಿದರು. ಕೊನೆಯ ಪಂಕ್ತಿಗೆ ಕೊನೆಯ ಎಲೆ ಹಾಸಿದೆವು. ಯಾರೂ ಕಾದು ನಿಲ್ಲಲಿಲ್ಲ.

ಭಾವ ನನ್ನನ್ನು ಮೂಲೆಗೆ ಎಳೆದ. "ಅವ್ರು ಬರಾಕಿಲ್ಲ ಅಂತ ನಿಂಗೆಂಗ್ಲಾ ಗೊತ್ತಾಯ್ತು?"

"ನಿನ್ನಾಣ್ಗೂ ನಾನಲ್ಲ ಕಣ್ ಬಾವ."

"ಇನ್ಯಾರ್ಲಾ, ನಿಮ್ಮಜ್ಜಿಯಾ?"

ಭಾವ ಮುದುಕನಾಗಿ ಹಾಸಿಗೆ ಹಿಡಿದ ಮೇಲೂ, "ಈಗ್ಲಾದ್ರೂ ನಿಜ ಏಳ್ಲಾ" ಎಂದ. ನಾನಲ್ಲ ಎಂದೆ. ನಂಬದೆಯೇ ಹೋದ. ಅದು ಯಾರ ದನಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೇಳಿ ಹೇಳಿ ನನಗೂ ಸಾಕಾಗಿದೆ.

ಇದರಲ್ಲಿ ನಾನು ಕಟ್ಟಿ ಹೇಳಿದ್ದು ಒಂದೇ. ಆ ದನಿ ಬಂದಾಗ ನನ್ನ ಬಾಯಲ್ಲಿ ನೀರಿರಲಿಲ್ಲ. ಖಾಲಿ ಬಾಯಿ ಇಟ್ಟುಕೊಂಡು ನಾನಲ್ಲ ಅಂದರೆ ಭಾವನೇ ನಂಬಲಿಲ್ಲ, ನೀವು ನಂಬುತ್ತೀರಾ?